ಧೂಮವಲ್ಲ, ಕೇತು

ಒಂದು ಹಾಳೆಯ ಮೇಲೆ ಸೂರ್ಯನನ್ನೂ ಅದರ ಸಮೀಪ ಹಾದುಹೋಗುವ ಒಂದು ಧೂಮಕೇತುವನ್ನೂ ಬರೆಯಿರಿ. ಧೂಮಕೇತು ಯಾವ ಕಡೆಗೆ ಚಲಿಸುತ್ತಿದೆ ಎಂಬುದನ್ನು ಬಾಣದಿಂದ ಗುರುತಿಸಿ. ಈಗ ಅದಕ್ಕೆ ಬಾಲ ಬರೆಯಿರಿ. ಈ ಕೆಲಸ ಕೊಟ್ಟರೆ ಹೆಚ್ಚಿನವರು ಬಾಲವನ್ನು ಬಾಣದ ಹಿಂದೆ ಬರೆಯುತ್ತಾರೆ, ಮಣ್ಣುರಸ್ತೆಯಲ್ಲಿ ಓಡುವ ಬಸ್ಸಿನ ಹಿಂದೆ ಏಳುವ ಧೂಳಿನಂತೆ. ಹಾಗೆ ಬರೆದ ಚಿತ್ರದಲ್ಲಿ ಸೂರ್ಯನಿಗೆ ಯಾವ ಕೆಲಸವೂ ಇರುವುದಿಲ್ಲ. ಸೂರ್ಯನನ್ನು ಅಳಿಸಿದರೂ ಚಿತ್ರ ಹಾಗೆಯೇ ಉಳಿಯುತ್ತದೆ. ನಿಜವಾದ ಆಕಾಶದಲ್ಲಾದರೋ ಸೂರ್ಯನನ್ನು ತೆಗೆದರೆ ಬಾಲವೇ ಇಲ್ಲ.

ಖಗೋಳವನ್ನು ಕನ್ನಡದಲ್ಲಿ ಹೇಳುವ ಭಾಷೆಯನ್ನು ಶಿವರಾಮ ಕಾರಂತ, ಆರ್.ಎಲ್. ನರಸಿಂಹಯ್ಯ, ಜಿ.ಟಿ. ನಾರಾಯಣರಾವ್ ಮೊದಲಾದವರು ಕಟ್ಟಿಕೊಟ್ಟಿದ್ದಾರೆ. ಆದರೂ ಭಿತ್ತಿಚಿತ್ರ, ರಸಪ್ರಶ್ನೆ ಪುಸ್ತಕ, ಪತ್ರಿಕಾ ಟಿಪ್ಪಣಿ, ತರಗತಿಯ ನೋಟ್ಸ್‌ಗಳಲ್ಲಿ ಧೂಮಕೇತುವಿನ ಬಾಲದ ಮಾತು ಬಂದಾಗ ಕೆಲವು ಹೇಳಿಕೆಗಳು ಪರೀಕ್ಷೆಯಿಲ್ಲದೆ ಒಬ್ಬರಿಂದ ಒಬ್ಬರಿಗೆ ಸಾಗುತ್ತಿವೆ. ಧೂಮಕೇತು ಉರಿಯುತ್ತದೆ, ಅದರ ಹಿಮ ಕರಗಿ ಬಾಲವಾಗುತ್ತದೆ, ಬಾಲ ಅದರ ಹಿಂದೆ ಹರಿಯುತ್ತದೆ, ಸೌರ ಮಾರುತ ಬಾಲವನ್ನು ತಳ್ಳುತ್ತದೆ, ಧೂಮಕೇತು ಎಂದರೆ ಕೊಳಕು ಹಿಮದುಂಡೆ. ಈ ಐದು ಹೇಳಿಕೆಗಳಲ್ಲಿ ಮೊದಲ ಮೂರು ತಪ್ಪು, ಉಳಿದೆರಡು ಅರ್ಧಸತ್ಯ. ಅವುಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಈ ಲೇಖನದ ಉದ್ದೇಶ.

ಆಕಾಶ ಕಾಣದಲ್ಲಿ ಪುಸ್ತಕವೇ ಆಕಾಶ

ಇಷ್ಟು ಸಣ್ಣ ತಪ್ಪುಗಳಿಗೆ ಇಷ್ಟು ಚರ್ಚೆ ಏಕೆ ಎಂದು ನೀವು ಕೇಳಬಹುದು. ಉತ್ತರಕ್ಕಾಗಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಶಾಲೆಗಳನ್ನು ನೆನೆಯಿರಿ.

ಧೂಮಕೇತು ಸೂರ್ಯನನ್ನು ಸಮೀಪಿಸಿದಾಗಲೇ ಅದರ ಬಾಲ ಚೆನ್ನಾಗಿ ಬೆಳೆಯುತ್ತದೆ. ಸೂರ್ಯನ ಸಮೀಪ ಇರುವ ಕಾಯ ನಮಗೆ ಕಾಣುವುದು ಮುಂಜಾನೆ ಅಥವಾ ಮುಸ್ಸಂಜೆ, ಅದೂ ದಿಗಂತದ ಬಳಿಯಲ್ಲಿ. ಬಯಲುಸೀಮೆಯಲ್ಲಿ ಇದೊಂದು ಸಮಸ್ಯೆಯಲ್ಲ. ಮಲೆನಾಡಿನಲ್ಲಿ ಸಮಸ್ಯೆ. ಒಂದು ಕಿಲೋಮೀಟರ್ ದೂರದಲ್ಲಿ 200 ಮೀಟರ್ ಎತ್ತರದ ಗುಡ್ಡವಿದ್ದರೆ ಅದು ದಿಗಂತದಿಂದ ಸುಮಾರು 11 ಡಿಗ್ರಿಗಳವರೆಗಿನ ಆಕಾಶವನ್ನು ಮುಚ್ಚಿಬಿಡುತ್ತದೆ. ತುಂಗಾ ತೀರದ ಕಣಿವೆಯಲ್ಲಿರುವ ಶೃಂಗೇರಿಯ ಸುತ್ತ ಗುಡ್ಡಗಳೇ. ಕೊಪ್ಪದ ಹಳ್ಳಿಗಳಲ್ಲಿ ಗುಡ್ಡ ಬಿಟ್ಟಲ್ಲಿ ಅಡಿಕೆ ತೋಟ, ತೋಟ ಬಿಟ್ಟಲ್ಲಿ ಕಾಡು. ಭದ್ರಾ ಜಲಾಶಯದ ಹಿನ್ನೀರಿನ ದಡಕ್ಕೆ ಬರಬಲ್ಲ ನರಸಿಂಹರಾಜಪುರದವರಿಗೆ ಮಾತ್ರ ನೀರಿನ ಮೇಲೆ ತುಸು ತೆರೆದ ಆಕಾಶ ಸಿಗುತ್ತದೆ.

ಇದರ ಜೊತೆಗೆ ಮಳೆ. ನೆರೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಿಯೋವೈಸ್ ಧೂಮಕೇತು ಸಂಜೆಯ ಆಕಾಶಕ್ಕೆ ಬಂದದ್ದು 2020ರ ಜುಲೈನಲ್ಲಿ, ಮುಂಗಾರಿನ ನಡುಮಧ್ಯೆ. ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು 2024ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಸೂರ್ಯೋದಯಕ್ಕೆ ಮುನ್ನ ಪೂರ್ವ ದಿಗಂತದ ಬಳಿ ಕಂಡಿತು; ಬೆಂಗಳೂರಿನಿಂದ ಅದರ ಚಿತ್ರಗಳನ್ನು ತೆಗೆದರು. ಕಣಿವೆಯ ಊರುಗಳಿಗೆ ಅಷ್ಟು ತಗ್ಗಿನ ಆಕಾಶ ಕಾಣುವುದಿಲ್ಲ. ಹ್ಯಾಲಿ ಧೂಮಕೇತು ಮತ್ತೆ ಸೂರ್ಯನಿಗೆ ಅತ್ಯಂತ ಸಮೀಪಕ್ಕೆ ಬರುವುದು 2061ರ ಜುಲೈ 28ರಂದು. ಅದೂ ಮಳೆಗಾಲವೇ.

ಆದ್ದರಿಂದ ಈ ಊರುಗಳ ಬಹುಪಾಲು ಮಕ್ಕಳು ಕಾಣುವ ಧೂಮಕೇತು ಎಂದರೆ ಪುಸ್ತಕದ ಧೂಮಕೇತು. ತಪ್ಪಾದ ಚಿತ್ರವನ್ನು ತಿದ್ದಲು ಅವರ ತಲೆಯ ಮೇಲೆ ಸರಿಯಾದ ಚಿತ್ರ ಇರುವುದಿಲ್ಲ. ಪುಸ್ತಕ ಬರೆಯುವವರ, ಪಾಠ ಹೇಳುವವರ ಹೊಣೆ ಇಲ್ಲಿ ದುಪ್ಪಟ್ಟು.

ಹೆಸರಿನಲ್ಲೇ ಇರುವ ಸರಿ ಮತ್ತು ತಪ್ಪು

ಮೊದಲು ಹೆಸರನ್ನು ನೋಡೋಣ. ಧೂಮ ಎಂದರೆ ಹೊಗೆ, ಕೇತು ಎಂದರೆ ಬಾವುಟ. ಗ್ರೀಕರು ಇದನ್ನು ಉದ್ದ ಕೂದಲಿನ ನಕ್ಷತ್ರ ಎಂದು ಕರೆದರು. ಕಾಮೆಟ್ ಎಂಬ ಪದ ಬಂದದ್ದು ಅದರಿಂದ. ನಮ್ಮ ಹಳ್ಳಿಗಳಲ್ಲಿ ಬಾಲಚುಕ್ಕಿ ಎನ್ನುತ್ತಾರೆ. ಮೂರೂ ಹೆಸರುಗಳು ಕಣ್ಣಿಗೆ ಕಂಡ ಆಕಾರವನ್ನು ಹೇಳುತ್ತವೆ, ಕಾರಣವನ್ನಲ್ಲ.

ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಕೇತುಚಾರ ಎಂಬ ಒಂದು ಅಧ್ಯಾಯವನ್ನೇ ಇವುಗಳಿಗೆ ಮೀಸಲಿಟ್ಟಿದ್ದಾನೆ. ಕೇತುಗಳು 101 ಎಂದು ಕೆಲವರು, 1000 ಎಂದು ಕೆಲವರು, ಒಂದೇ ಕೇತು ಹಲವು ರೂಪಗಳಲ್ಲಿ ಕಾಣುತ್ತದೆ ಎಂದು ನಾರದ ಹೇಳುವುದಾಗಿ ದಾಖಲಿಸುತ್ತಾನೆ. ಅವುಗಳ ಉದಯ ಮತ್ತು ಅಸ್ತಗಳನ್ನು ಗಣಿತದಿಂದ ತಿಳಿಯಲಾಗದು ಎಂದೂ ಒಪ್ಪಿಕೊಳ್ಳುತ್ತಾನೆ. ಬಣ್ಣ, ಆಕಾರ, ದಿಕ್ಕುಗಳ ಪ್ರಕಾರ ವಿಂಗಡಣೆಯೂ ಅಲ್ಲಿದೆ. ಆದರೆ ವಿಂಗಡಣೆಯಾದ ಮೇಲೆ ಕೇಳಿದ ಪ್ರಶ್ನೆ 'ಈ ಆಕಾರ ಹೇಗೆ ಬಂತು?' ಎಂಬುದಾಗಿರಲಿಲ್ಲ, 'ಇದರಿಂದ ಏನು ಫಲ?' ಎಂಬುದಾಗಿತ್ತು. ನೋಟ ಚುರುಕಾಗಿತ್ತು, ಪ್ರಶ್ನೆ ಬೇರೆಯಾಗಿತ್ತು.

ಇಂದಿನ ತಿಳಿವಳಿಕೆಯಲ್ಲಿ ಈ ಹೆಸರನ್ನು ತೂಗಿದರೆ ಅದರ ಮೊದಲರ್ಧ ತಪ್ಪು, ಎರಡನೆಯರ್ಧ ಬಹುಮಟ್ಟಿಗೆ ಸರಿ. ಹೊಗೆಗೆ ಬೆಂಕಿ ಬೇಕು. ಇಲ್ಲಿ ಬೆಂಕಿ ಇಲ್ಲ. ಬಾವುಟಕ್ಕೆ ಗಾಳಿ ಬೇಕು. ಇಲ್ಲಿ ಸೂರ್ಯನಿಂದ ಹೊರಟ ಗಾಳಿಯಂಥದು ಇದೆ. ಬಿರುಗಾಳಿಯಲ್ಲಿ ಎತ್ತಿನ ಗಾಡಿಗೆ ಕಟ್ಟಿದ ಬಾವುಟ ಗಾಡಿ ಯಾವ ಕಡೆ ಹೋಗುತ್ತಿದೆ ಎಂಬುದನ್ನು ತೋರಿಸುವುದಿಲ್ಲ, ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದನ್ನು ತೋರಿಸುತ್ತದೆ. ಧೂಮಕೇತುವಿನ ಬಾಲವೂ ಹಾಗೆಯೇ. ಅದು ಧೂಮಕೇತುವಿನ ಪ್ರಯಾಣದ ಗುರುತಲ್ಲ, ಸೂರ್ಯನ ಪ್ರಭಾವದ ಗುರುತು. ಒಳ್ಳೆಯ ವಿವರಣೆಯ ಮೊದಲ ವಾಕ್ಯ ಇದಾಗಿರಬೇಕು.

'ಉರಿಯುತ್ತದೆ', 'ಕರಗುತ್ತದೆ'

ಉರಿಯಲು ಇಂಧನ ಬೇಕು, ಅದರೊಡನೆ ಸಂಯೋಗವಾಗುವ ಆಕ್ಸಿಜನ್ ಬೇಕು. ಧೂಮಕೇತುವಿನ ಸುತ್ತ ಇರುವುದು ನಿರ್ವಾತ. ಅಲ್ಲಿ ಉರಿ ಹೊತ್ತಿಕೊಳ್ಳುವ ಪ್ರಶ್ನೆಯೇ ಇಲ್ಲ. ಭೂಮಿಯ ವಾಯುಮಂಡಲಕ್ಕೆ ನುಗ್ಗಿ ಒಂದೆರಡು ಸೆಕೆಂಡು ಮಿಂಚಿ ಹೋಗುವ ಉಲ್ಕೆಯನ್ನೂ ವಾರಗಟ್ಟಲೆ ಆಕಾಶದಲ್ಲಿ ಕಾಣುವ ಧೂಮಕೇತುವನ್ನೂ ಒಂದೇ ಎಂದು ತಿಳಿದವರು 'ಉರಿಯುತ್ತದೆ' ಎನ್ನುತ್ತಾರೆ. ಉಲ್ಕೆ ನಮ್ಮ ತಲೆಯ ಮೇಲೆ ಸುಮಾರು 100 ಕಿಲೋಮೀಟರ್ ಎತ್ತರದ ಘಟನೆ. ಧೂಮಕೇತು ಸಾಮಾನ್ಯವಾಗಿ ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಕಾಯ.

'ಕರಗುತ್ತದೆ' ಎಂಬುದು ಇನ್ನೂ ಸಾಮಾನ್ಯವಾದ ತಪ್ಪು. ನೀರು ದ್ರವವಾಗಿ ಇರಬೇಕಾದರೆ ಅದರ ಮೇಲೆ ಸ್ವಲ್ಪವಾದರೂ ಒತ್ತಡ ಬೇಕು. ಭೂಮಿಯ ಮೇಲಿನ ವಾಯು ಒತ್ತಡದ ಸುಮಾರು 165ನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ದ್ರವ ನೀರು ಉಳಿಯುವುದಿಲ್ಲ. ಆಗ ಹಿಮ ನೇರವಾಗಿ ಆವಿಯಾಗುತ್ತದೆ. ಇದನ್ನು ಉತ್ಪತನ ಎನ್ನುತ್ತಾರೆ. ಡಬ್ಬಿಯ ಮುಚ್ಚಳ ತೆರೆದಿಟ್ಟ ಕರ್ಪೂರ ಕೆಲವು ದಿನಗಳಲ್ಲಿ ಸವೆದು ಸಣ್ಣದಾಗುತ್ತದೆ. ಡಬ್ಬಿಯ ತಳದಲ್ಲಿ ಒಂದು ಹನಿಯೂ ಸಿಗುವುದಿಲ್ಲ. ಹಚ್ಚಿದ ಕರ್ಪೂರವಲ್ಲ, ತೆರೆದಿಟ್ಟ ಕರ್ಪೂರವೇ ಧೂಮಕೇತುವಿಗೆ ಸರಿಯಾದ ಹೋಲಿಕೆ. ಮಲೆನಾಡಿನ ಪ್ರತಿ ಮನೆಯಲ್ಲೂ ಇರುವ ಈ ವಸ್ತುವನ್ನು ಬಿಟ್ಟು ಉರಿ, ಹೊಗೆ, ಕರಗುವ ಐಸ್‌ಕ್ಯಾಂಡಿಗಳ ಮೊರೆ ಹೋಗುವುದೇಕೆ?

ಸೂರ್ಯನಿಂದ ಭೂಮಿಗೆ ಇರುವ ದೂರ ಸುಮಾರು 15 ಕೋಟಿ ಕಿಲೋಮೀಟರ್. ಧೂಮಕೇತು ಇದರ ಮೂರು ಪಟ್ಟು ದೂರಕ್ಕೆ, ಅಂದರೆ ಸುಮಾರು 45 ಕೋಟಿ ಕಿಲೋಮೀಟರ್ ಸಮೀಪಕ್ಕೆ ಬಂದಾಗ ನೀರಿನ ಹಿಮದ ಉತ್ಪತನ ಬಿರುಸಾಗುತ್ತದೆ. ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್‌ಗಳ ಹಿಮ ಅದಕ್ಕಿಂತ ಬಹಳ ಮೊದಲೇ ಆವಿಯಾಗತೊಡಗುತ್ತದೆ. ಹೊರಬರುವ ಅನಿಲ ತನ್ನೊಡನೆ ಧೂಳನ್ನೂ ಎಳೆದು ತರುತ್ತದೆ. ಕೆಲವೇ ಕಿಲೋಮೀಟರ್ ಗಾತ್ರದ ತಿರುಳಿನ ಸುತ್ತ ಹೀಗೆ ಹರಡುವ ಅನಿಲ ಮತ್ತು ಧೂಳಿನ ಮುಸುಕೇ ಕೋಮಾ. ಅದು ಲಕ್ಷಾಂತರ ಕಿಲೋಮೀಟರ್ ಅಗಲವಾಗಬಲ್ಲದು. ಬಾಲಕ್ಕೆ ಬೇಕಾದ ಸಾಮಗ್ರಿ ಒದಗುವುದು ಈ ಕೋಮಾದಿಂದ.

'ಹಿಂದೆ ಹರಿಯುತ್ತದೆ'

ಸೂರ್ಯನ ಕಡೆಗೆ ಬರುತ್ತಿರುವ ಧೂಮಕೇತುವಿನ ಬಾಲ ಹೆಚ್ಚುಕಡಿಮೆ ಅದರ ಹಿಂದೆಯೇ ಇರುತ್ತದೆ. ತಪ್ಪು ಚಿತ್ರ ಇಷ್ಟು ಕಾಲ ಬಾಳಿಬಂದದ್ದು ಈ ಅರ್ಧ ಪ್ರಯಾಣದ ಬಲದಿಂದ. ಸೂರ್ಯನನ್ನು ಸುತ್ತಿ ಹಿಂದಿರುಗುವಾಗ ಅದೇ ಬಾಲ ಧೂಮಕೇತುವಿಗಿಂತ ಮುಂದೆ ಹೋಗುತ್ತಿರುತ್ತದೆ! ಹೊಗೆ ಬಂಡಿಗಿಂತ ಮುಂದೆ ಓಡುವುದನ್ನು ಯಾರಾದರೂ ಕಂಡಿದ್ದಾರೆಯೇ?

ಬಾಲ ಸೂರ್ಯನಿಗೆ ವಿಮುಖವಾಗಿರುತ್ತದೆ ಎಂಬುದನ್ನು ಚೀನೀಯರು ಒಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರು. ಯುರೋಪಿನಲ್ಲಿ ಪೀಟರ್ ಏಪಿಯನ್ 1531ರ ಧೂಮಕೇತುವನ್ನು ನೋಡಿ ಅದನ್ನೇ ಕಂಡುಕೊಂಡ. ಅದು ಮುಂದೆ ಹ್ಯಾಲಿಯ ಹೆಸರು ಪಡೆದ ಧೂಮಕೇತುವೇ. ಸೂರ್ಯನ ಬೆಳಕೇ ಬಾಲವನ್ನು ತಳ್ಳುತ್ತಿರಬೇಕು ಎಂದು ಕೆಪ್ಲರ್ 1619ರ ಸುಮಾರಿಗೆ ಸೂಚಿಸಿದ. ದಿಕ್ಕಿನ ವಿಷಯ ಇತ್ಯರ್ಥವಾಗಿ ಐದು ಶತಮಾನಗಳಾಗುತ್ತ ಬಂದರೂ ಭಿತ್ತಿಚಿತ್ರಗಳಲ್ಲಿ ಅದು ಇನ್ನೂ ಇತ್ಯರ್ಥವಾಗಿಲ್ಲ.

'ಸೌರ ಮಾರುತ ತಳ್ಳುತ್ತದೆ'

ಇದು ಅರ್ಧಸತ್ಯ. ಧೂಮಕೇತುವಿಗೆ ಮುಖ್ಯವಾಗಿ ಎರಡು ಬಾಲಗಳು. ಅವುಗಳ ಪದಾರ್ಥ ಬೇರೆ, ಬಣ್ಣ ಬೇರೆ, ಆಕಾರ ಬೇರೆ, ತಳ್ಳುವ ಬಲವೂ ಬೇರೆ. 1997ರ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹೇಲ್-ಬಾಪ್ ಧೂಮಕೇತುವನ್ನು ಸಂಜೆಯ ವಾಯವ್ಯ ಆಕಾಶದಲ್ಲಿ ನೋಡಿದ ಹಿರಿಯರನ್ನು ಕೇಳಿ. ಬೇಸಿಗೆಯ ಆಕಾಶದಲ್ಲಿ ಬಿಳಿ-ಹಳದಿಯ ಅಗಲವಾದ ಬಾಲ ಬರಿಗಣ್ಣಿಗೆ ಕಂಡಿತ್ತು. ಕತ್ತಲಾದ ಜಾಗದಿಂದ ನೋಡಿದವರಿಗೆ ಅದರ ಪಕ್ಕದಲ್ಲಿ ಇನ್ನೊಂದು ನೀಲಿ ಬಾಲವೂ ಕಂಡಿರಬೇಕು.

ನೀಲಿ ಬಾಲ ಅಯಾನುಗಳದು. ಕೋಮಾದ ಅಣುಗಳ ಮೇಲೆ ಸೂರ್ಯನ ಅತಿನೇರಳೆ ಕಿರಣ ಬಿದ್ದು ಇಲೆಕ್ಟ್ರಾನ್ ಕಳಚಿದಾಗ ಅವು ಅಯಾನುಗಳಾಗುತ್ತವೆ. ಕಾರ್ಬನ್ ಮಾನಾಕ್ಸೈಡ್‌ನ ಅಯಾನು ಸೂರ್ಯನ ಬೆಳಕನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತದೆ. ಬಾಲದ ನೀಲಿಗೆ ಮುಖ್ಯ ಕಾರಣ ಅದೇ. ನೀರು, ಕಾರ್ಬನ್ ಡೈಆಕ್ಸೈಡ್‌ಗಳ ಅಯಾನುಗಳೂ ಅಲ್ಲಿರುತ್ತವೆ. ವಿದ್ಯುದಾವೇಶ ಬಂದೊಡನೆ ಅವು ಸೌರ ಮಾರುತದ ಹಿಡಿತಕ್ಕೆ ಸಿಕ್ಕುತ್ತವೆ. ಸೌರ ಮಾರುತವೆಂದರೆ ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಡುವ, ಮುಖ್ಯವಾಗಿ ಪ್ರೋಟಾನು ಮತ್ತು ಇಲೆಕ್ಟ್ರಾನುಗಳ ಹರಿವು. ಅದು ತನ್ನೊಡನೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಈ ಕಾಂತಕ್ಷೇತ್ರ ಕೋಮಾದ ಸುತ್ತ ಬಟ್ಟೆಯಂತೆ ಸುತ್ತಿಕೊಂಡು ಅಯಾನುಗಳನ್ನು ಹಿಂದಕ್ಕೆ ಒಯ್ಯುತ್ತದೆ.

ಆದರೂ ಅಯಾನು ಬಾಲ ಸೂರ್ಯನಿಗೆ ಕರಾರುವಾಕ್ಕಾಗಿ ವಿಮುಖವಾಗಿರುವುದಿಲ್ಲ, ತುಸು ಓರೆ. ಮಳೆಯಲ್ಲಿ ನಡೆಯುವವನಿಗೆ ನೆಟ್ಟಗೆ ಬೀಳುವ ಹನಿಯೂ ಓರೆಯಾಗಿ ಬಂದಂತೆ ಕಾಣುತ್ತದೆ. ಅದಕ್ಕೆಂದೇ ಅವನು ಕೊಡೆಯನ್ನು ಮುಂದಕ್ಕೆ ಬಾಗಿಸುತ್ತಾನೆ. ಭೂಮಿಯಷ್ಟು ದೂರದಲ್ಲಿರುವಾಗ ಧೂಮಕೇತುವಿನ ವೇಗ ಸೆಕೆಂಡಿಗೆ ಸುಮಾರು 42 ಕಿಲೋಮೀಟರ್. ಮಾರುತದ ವೇಗ ಅದರ ಸುಮಾರು ಹತ್ತರಷ್ಟು. ಲೆಕ್ಕ ಹಾಕಿದರೆ ಓರೆ ಹೆಚ್ಚೆಂದರೆ ಆರು ಡಿಗ್ರಿಯ ಆಸುಪಾಸು. ಇಂಥ ಓರೆಯನ್ನೂ ಬಾಲದಲ್ಲಿ ಕಂಡ ಗಂಟುಗಳ ವೇಗವನ್ನೂ ಅಭ್ಯಾಸಮಾಡಿ, ಬೆಳಕಿನ ಒತ್ತಡ ಇದಕ್ಕೆ ಸಾಲದು, ಸೂರ್ಯನಿಂದ ಕಣಗಳ ಹರಿವು ಸದಾ ಹೊರಡುತ್ತಿರಬೇಕು ಎಂದು ಜರ್ಮನಿಯ ಲುಡ್ವಿಗ್ ಬೀರ್ಮನ್ 1951ರಲ್ಲಿ ತೀರ್ಮಾನಿಸಿದರು. ಯೂಜೀನ್ ಪಾರ್ಕರ್ ಅದಕ್ಕೆ 1958ರಲ್ಲಿ ಸಿದ್ಧಾಂತ ಕೊಟ್ಟರು. ಅಂತರಿಕ್ಷ ನೌಕೆಗಳು ಆ ಹರಿವನ್ನು ಅಳೆದದ್ದು ಅದರ ನಂತರ. ಅಂದರೆ ಸೌರ ಮಾರುತದ ಇರವನ್ನು ಮೊದಲು ಸಾರಿದ ಬಾವುಟ ಧೂಮಕೇತುವಿನ ಬಾಲವೇ! ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಂದು ತನ್ನ ನೆಲೆ ತಲುಪಿದ್ದು ಸೂರ್ಯನನ್ನೂ ಈ ಹರಿವನ್ನೂ ಅಭ್ಯಾಸಮಾಡಲು. ಅದರಲ್ಲಿರುವ ಕರೋನಾ ದರ್ಶಕವನ್ನು ನಿರ್ಮಿಸಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. ಈ ಸಂಸ್ಥೆಯನ್ನು ಕಟ್ಟಿದ ವೇಣು ಬಾಪು ವಿದ್ಯಾರ್ಥಿಯಾಗಿದ್ದಾಗ, 1949ರಲ್ಲಿ, ಹಾರ್ವರ್ಡ್‌ನಲ್ಲಿ ಇನ್ನಿಬ್ಬರೊಡನೆ ಒಂದು ಧೂಮಕೇತುವನ್ನು ಕಂಡುಹಿಡಿದಿದ್ದರು. ಅದಕ್ಕೆ ಬಾಪು-ಬೋಕ್-ನ್ಯೂಕರ್ಕ್ ಎಂದೇ ಹೆಸರು.

ಬಿಳಿ-ಹಳದಿ ಬಾಲ ಧೂಳಿನದು. ಅದಕ್ಕೆ ಸ್ವಂತ ಬೆಳಕಿಲ್ಲ. ಸೂರ್ಯನ ಬೆಳಕನ್ನೇ ಚದರಿಸಿ ಕಾಣುತ್ತದೆ. ಅದನ್ನು ತಳ್ಳುವುದು ಸೌರ ಮಾರುತವಲ್ಲ, ಬೆಳಕಿನ ಒತ್ತಡ. ಭೂಮಿಯಷ್ಟು ದೂರದಲ್ಲಿ, ಬೆಳಕನ್ನೆಲ್ಲ ಹೀರುವ ಒಂದು ಚದರ ಮೀಟರ್ ಹಾಳೆಯ ಮೇಲೆ ಈ ಒತ್ತಡ ಅರ್ಧ ಮಿಲಿಗ್ರಾಮ್ ತೂಕದಷ್ಟೂ ಇಲ್ಲ. ಆದರೆ ಕಣ ಕಿರಿದಾದಂತೆ ಅದರ ದ್ರವ್ಯರಾಶಿ ಗಾತ್ರದ ಘನದಂತೆ ಇಳಿಯುತ್ತದೆ, ಬೆಳಕು ಬೀಳುವ ಮೈ ಕೇವಲ ವರ್ಗದಂತೆ ಇಳಿಯುತ್ತದೆ. ಕಣದ ಅಗಲ ಅರ್ಧವಾದರೆ ಪ್ರತಿ ಗ್ರಾಮಿಗೆ ಸಿಗುವ ತಳ್ಳು ಇಮ್ಮಡಿಯಾಗುತ್ತದೆ. ಸುಮಾರು ಒಂದು ಮೈಕ್ರೋಮೀಟರ್ ಗಾತ್ರದ ಕಣಗಳಿಗೆ ಈ ತಳ್ಳು ಸೂರ್ಯನ ಗುರುತ್ವಕ್ಕೆ ಹೋಲಿಸಬಹುದಾದಷ್ಟು ಆಗುತ್ತದೆ.

ಇದಕ್ಕೆ ಹೋಲಿಕೆ ಬೇಕಿದ್ದರೆ ಕಣದಲ್ಲಿ ಭತ್ತ ತೂರುವುದನ್ನು ನೆನೆಯಿರಿ. ಮೊರದಿಂದ ಒಂದೇ ಎತ್ತರದಿಂದ ಬಿಟ್ಟರೂ ಗಟ್ಟಿ ಕಾಳು ಕಾಲ ಬಳಿ ಬೀಳುತ್ತದೆ, ಜೊಳ್ಳು ಅದರಾಚೆ, ಹೊಟ್ಟು ಇನ್ನೂ ದೂರ. ಧೂಳಿನ ಬಾಲವೂ ಹೀಗೆ ಗಾತ್ರದ ಪ್ರಕಾರ ವಿಂಗಡಣೆಯಾಗುತ್ತದೆ. ಹೋಲಿಕೆಗೆ ಮಿತಿಯೂ ಉಂಟು. ಕಣದ ಕಾಳು ನೆಲಕ್ಕೆ ಬಿದ್ದು ನಿಲ್ಲುತ್ತದೆ. ಧೂಮಕೇತುವಿನ ಧೂಳು ಸೂರ್ಯನನ್ನು ಸುತ್ತುತ್ತಲೇ ಇರುತ್ತದೆ. ಹೊರಕ್ಕೆ ತಳ್ಳಲ್ಪಟ್ಟ ಕಣ ದೊಡ್ಡ ಕಕ್ಷೆಗೆ ಸರಿದು ತಿರುಳಿಗಿಂತ ಹಿಂದೆ ಬೀಳುತ್ತದೆ. ಧೂಳಿನ ಬಾಲ ಬಾಗಿರುವುದಕ್ಕೆ ಕಾರಣ ಇದು.

ಬಾಲದ ಕತೆ ಇಷ್ಟಕ್ಕೇ ಮುಗಿಯುವುದಿಲ್ಲ. ಹೇಲ್-ಬಾಪ್‌ನಲ್ಲಿ 1997ರಲ್ಲಿ ಸೋಡಿಯಂ ಪರಮಾಣುಗಳ ಮೂರನೆಯ ಬಾಲವೂ ಕಂಡಿತು. ಇನ್ನೊಂದು ಮಾತು: ಹಲವು ಧೂಮಕೇತುಗಳ ತಲೆ ಹಸಿರು, ಆದರೆ ಬಾಲ ಹಸಿರಲ್ಲ. ಹಸಿರು ಬೆಳಕು ಎರಡು ಕಾರ್ಬನ್ ಪರಮಾಣುಗಳು ಕೂಡಿದ ಅಣುವಿನದು. ಸೂರ್ಯನ ಬೆಳಕಿಗೆ ಸಿಕ್ಕ ಆ ಅಣು ಭೂಮಿಯಷ್ಟು ದೂರದಲ್ಲಿ ಸುಮಾರು ಎರಡು ದಿನಗಳಲ್ಲಿ ಒಡೆಯುತ್ತದೆ, ಬಾಲವನ್ನು ತಲುಪುವಷ್ಟು ಬಾಳುವುದಿಲ್ಲ. ಬಣ್ಣದ ಪೆನ್ಸಿಲ್ ಹಿಡಿದ ಮಕ್ಕಳಿಗೆ ಇದನ್ನು ಹೇಳಿದರೆ ರಸಾಯನಶಾಸ್ತ್ರದ ಒಂದು ಪಾಠವೇ ಆಗುತ್ತದೆ.

'ಕೊಳಕು ಹಿಮದುಂಡೆ'

ಅಮೆರಿಕದ ಫ್ರೆಡ್ ವಿಪ್ಪಲ್ 1950ರಲ್ಲಿ ಮಂಡಿಸಿದ ಈ ಮಾದರಿ ದೊಡ್ಡ ಹೆಜ್ಜೆ. ತಿರುಳು ಸಡಿಲವಾದ ಮರಳಿನ ರಾಶಿ ಎಂಬ ಹಿಂದಿನ ಕಲ್ಪನೆಯನ್ನು ಅದು ಕೈಬಿಡುವಂತೆ ಮಾಡಿತು. 1986ರ ಮಾರ್ಚ್‌ನಲ್ಲಿ ಜಿಯೊಟ್ಟೋ ನೌಕೆ ಹ್ಯಾಲಿಯ ತಿರುಳಿನಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ ಹಾದುಹೋದಾಗ ಒಂದೇ ಗಟ್ಟಿ ತಿರುಳು ಇರುವುದು ಕಣ್ಣಿಗೆ ಕಂಡಿತು. ಆದರೆ ಅದು ಬೆಳ್ಳಗಿರಲಿಲ್ಲ. ಬಿದ್ದ ಬೆಳಕಿನಲ್ಲಿ ಶೇಕಡಾ 4ರಷ್ಟನ್ನು ಮಾತ್ರ ಪ್ರತಿಫಲಿಸುವ, ಇದ್ದಿಲಿನಂಥ ಕಪ್ಪು ಮೈ ಅದರದು. 2014ರಿಂದ 2016ರವರೆಗೆ 67ಪಿ ಧೂಮಕೇತುವಿನ ಜೊತೆಗಿದ್ದ ರೊಸೆಟ್ಟಾ ನೌಕೆ ಕಂಡದ್ದೂ ಕಪ್ಪು ಧೂಳಿನ ಹೊದಿಕೆಯನ್ನೇ. ಹಿಮ ಹೊರಗೆ ಕಂಡದ್ದು ಅಲ್ಲಲ್ಲಿ ಮಾತ್ರ. ಅದರ ಸಾಂದ್ರತೆ ನೀರಿನ ಸುಮಾರು ಅರ್ಧ. ಹಿಮಕ್ಕಿಂತ ಧೂಳಿನ ಪಾಲೇ ಹೆಚ್ಚಿರಬಹುದು ಎಂಬ ಕಡೆಗೆ ಅಳತೆಗಳು ಒಲಿದವು. ಆದ್ದರಿಂದ ಇಂದು 'ಹಿಮ ಬೆರೆತ ಧೂಳಿನ ಉಂಡೆ' ಎನ್ನುವುದು ಹೆಚ್ಚು ಸರಿ.

ಆ ಧೂಳಾದರೂ ಎಂಥದು? ಸ್ಟಾರ್‌ಡಸ್ಟ್ ನೌಕೆ 2004ರಲ್ಲಿ ವೈಲ್ಡ್-2 ಧೂಮಕೇತುವಿನಿಂದ ಹಿಡಿದು 2006ರಲ್ಲಿ ಭೂಮಿಗೆ ತಂದ ಕಣಗಳಲ್ಲಿ, ಸಾವಿರ ಡಿಗ್ರಿಗೂ ಮಿಕ್ಕ ಶಾಖದಲ್ಲಿ ಮಾತ್ರ ಹುಟ್ಟುವ ಖನಿಜಗಳಿದ್ದವು. ಗ್ಲೈಸೀನ್ ಎಂಬ ಅಮೈನೋ ಆಮ್ಲವೂ ಸಿಕ್ಕಿತು. ಸೌರಮಂಡಲದ ಹೊರ ಅಂಚಿನ ಹಿಮವೂ ಸೂರ್ಯನ ಬಳಿ ಬೆಂದ ಖನಿಜವೂ ಒಂದೇ ಉಂಡೆಯಲ್ಲಿ! ಬಾಲದಲ್ಲಿ ಹರಿದುಹೋಗುತ್ತಿರುವುದು 460 ಕೋಟಿ ವರ್ಷ ಹಿಂದಿನ ಈ ಮಿಶ್ರಣ. 'ಹಿಮದುಂಡೆ' ಎಂದು ಮುಗಿಸಿದರೆ ಇದೆಲ್ಲ ಕೈತಪ್ಪುತ್ತದೆ.

ಭಯಕ್ಕೂ ಭಯ ನಿವಾರಣೆಗೂ ಒಂದೇ ಅಳತೆ

1910ರ ಫೆಬ್ರವರಿಯಲ್ಲಿ ಹ್ಯಾಲಿ ಧೂಮಕೇತುವಿನ ರೋಹಿತದಲ್ಲಿ ಸಯನೋಜನ್ ಎಂಬ ವಿಷಾನಿಲದ ಗುರುತು ಕಂಡಿತು. ಮೇ ತಿಂಗಳಲ್ಲಿ ಭೂಮಿ ಆ ಬಾಲದ ಮೂಲಕ ಹಾದುಹೋಗಲಿದೆ ಎಂಬ ಲೆಕ್ಕವೂ ಬಂತು. ಹಲವು ದೇಶಗಳಲ್ಲಿ ಗಾಬರಿ ಹರಡಿತು, ಧೂಮಕೇತುವಿಗೆ ಮದ್ದೆಂದು ಗುಳಿಗೆಗಳನ್ನೂ ಮಾರಿದರು. ಮೇ 18 ಮತ್ತು 19 ಕಳೆದವು, ಏನೂ ಆಗಲಿಲ್ಲ.

ಮೂಢನಂಬಿಕೆಯ ವಿರುದ್ಧ ಬರೆಯುವವರು ಈ ಘಟನೆಯನ್ನು ಬಳಸುವುದು ಸರಿಯೇ. ಆದರೆ 'ಬಾಲದಲ್ಲಿ ವಿಷವಿಲ್ಲ' ಎಂದು ಬರೆದರೆ ಅದೂ ತಪ್ಪು. ಧೂಮಕೇತುವಿನಲ್ಲಿ ಸಯನೈಡ್ ಬಗೆಯ ಅಣುಗಳಿವೆ. ಗುರುತಿಸಿದ್ದು ಸರಿಯಾಗಿಯೇ ಇತ್ತು. ಅಪಾಯವಾಗಲಿಲ್ಲ ಏಕೆಂದರೆ ಬಾಲ ಊಹೆಗೂ ನಿಲುಕದಷ್ಟು ತೆಳು. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಕೋಟಿ ಕೋಟಿಗೂ ಮೀರಿ ಹತ್ತೊಂಬತ್ತು ಸೊನ್ನೆಗಳ ಲೆಕ್ಕದಲ್ಲಿ ಅಣುಗಳಿರುತ್ತವೆ. ಬಾಲದಲ್ಲಾದರೋ ಅದು ನಮ್ಮ ಪ್ರಯೋಗಶಾಲೆಯ ಸಾಮಾನ್ಯ ನಿರ್ವಾತಕ್ಕಿಂತಲೂ ಎಷ್ಟೋ ವಿರಳ. ಅದರ ಉದ್ದ ಮಾತ್ರ ಅಗಾಧ. 1996ರ ಮೇ 1ರಂದು ಯುಲಿಸಿಸ್ ನೌಕೆ ಹ್ಯಾಕುಟಾಕೆ ಧೂಮಕೇತುವಿನ ಅಯಾನು ಬಾಲವನ್ನು ತಿರುಳಿನಿಂದ 50 ಕೋಟಿ ಕಿಲೋಮೀಟರಿಗೂ ಮಿಕ್ಕ ದೂರದಲ್ಲಿ ಹಾದುಹೋಗಿತ್ತು. ವಿಷ ಇದೆಯೇ ಎಂಬುದಕ್ಕಿಂತ ಎಷ್ಟಿದೆ ಎಂಬುದೇ ಪ್ರಶ್ನೆ. ಈ 'ಎಷ್ಟು' ಎಂಬ ಪ್ರಶ್ನೆಯನ್ನು ಕಲಿಸದೆ ಭಯ ಬೇಡ ಎಂದಷ್ಟೇ ಹೇಳಿದರೆ ಒಂದು ನಂಬಿಕೆಯ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಂತಾಗುತ್ತದೆ.

ಇಂಥ ಎಚ್ಚರ ಈಗಲೂ ಬೇಕು. 2024ರ ಅಕ್ಟೋಬರ್ ಮಧ್ಯದಲ್ಲಿ ಸುಚಿನ್‌ಶಾನ್-ಅಟ್ಲಾಸ್‌ಗೆ ಸೂರ್ಯನ ಕಡೆಗೇ ಚಾಚಿದ ಒಂದು ಎಳೆ ಕಂಡಿತು. ಧೂಮಕೇತುವಿನ ಕಕ್ಷೆಯ ತಲವನ್ನು ಭೂಮಿ ದಾಟುವಾಗ, ಕಕ್ಷೆಯುದ್ದಕ್ಕೂ ಉಳಿದ ದಪ್ಪ ಧೂಳು ನಮಗೆ ಅಂಚಿನಿಂದ ಕಾಣುತ್ತದೆ. ಅದು ಸೂರ್ಯನ ಕಡೆಗೆ ಚಾಚಿದಂತೆ ತೋರುವುದು ನೋಟದ ಕೋನದಿಂದ. 2025ರಲ್ಲಿ ಸೌರಮಂಡಲದ ಆಚೆಯಿಂದ ಬಂದ 3ಐ/ಅಟ್ಲಾಸ್‌ನಲ್ಲಾದರೋ ಸೂರ್ಯನ ಕಡೆಗೆ ನಿಜವಾಗಿಯೇ ಧೂಳು ಚಿಮ್ಮಿದ್ದು ಕಂಡಿತು. ಬಿಸಿಲು ಬಿದ್ದ ಮಗ್ಗುಲಿನಿಂದ ಹೊರಟ ದಪ್ಪ ಕಣಗಳನ್ನು ಬೆಳಕು ಬೇಗ ತಿರುಗಿಸಲಾರದು ಎಂಬುದು ಅದಕ್ಕೆ ಕೊಟ್ಟ ವಿವರಣೆ. ಅದು ಅನ್ಯಲೋಕದ ನೌಕೆ ಎಂಬ ಗಾಳಿಸುದ್ದಿಯೂ ಜೊತೆಗೇ ಓಡಾಡಿತು. ಜೊಳ್ಳು ದೂರ ಹಾರುತ್ತದೆ, ಕಾಳು ಹತ್ತಿರ ಉಳಿಯುತ್ತದೆ ಎಂದು ತಿಳಿದವರಿಗೆ ಇದರಲ್ಲಿ ಗಾಬರಿಪಡುವಂಥದು ಕಾಣದು. ಬಾಲ ಹೊಗೆಯೆಂದು ಕಲಿತವರಿಗೆ ಎಲ್ಲವೂ ಪವಾಡ.

ಹಾಗಾದರೆ ಹೇಗೆ ಬರೆಯಬೇಕು?

ತಪ್ಪು ತೋರಿಸಿದ ಮೇಲೆ ಸರಿಯಾದುದನ್ನು ಕೊಡಬೇಕಾದುದು ಧರ್ಮ. ಪಾಠದಲ್ಲಿ ಇಷ್ಟು ಸಾಕು: ಧೂಮಕೇತು ಹಿಮ ಬೆರೆತ ಧೂಳಿನ ಚಿಕ್ಕ ಕಾಯ. ಸೂರ್ಯನ ಸಮೀಪ ಬಂದಾಗ ಅದರ ಹಿಮ ದ್ರವವಾಗದೆ ನೇರವಾಗಿ ಆವಿಯಾಗಿ, ಧೂಳಿನೊಡನೆ ಹೊರಬರುತ್ತದೆ. ಧೂಳನ್ನು ಸೂರ್ಯನ ಬೆಳಕು ತಳ್ಳಿ ಬಾಗಿದ ಹಳದಿ ಬಾಲವಾಗುತ್ತದೆ. ಅಯಾನುಗಳನ್ನು ಸೌರ ಮಾರುತ ಒಯ್ದು ನೆಟ್ಟಗಿನ ನೀಲಿ ಬಾಲವಾಗುತ್ತದೆ. ಎರಡೂ ಸೂರ್ಯನಿಗೆ ವಿಮುಖ. ಬಾಲಕ್ಕೆ ಹೋದ ಪದಾರ್ಥ ಹಿಂದಿರುಗುವುದಿಲ್ಲ. ಪ್ರತಿ ಭೇಟಿಯಲ್ಲೂ ಧೂಮಕೇತು ಸವೆಯುತ್ತದೆ.

ಚಿತ್ರದಲ್ಲಿ ಸೂರ್ಯ ಇರಲೇಬೇಕು. ಧೂಮಕೇತುವನ್ನು ಒಂದೇ ಕಡೆ ಬರೆಯದೆ ಬರುವಾಗ, ಸುತ್ತುವಾಗ, ಹೋಗುವಾಗ ಹೀಗೆ ಮೂರು ಕಡೆ ಬರೆದು ಮೂರಕ್ಕೂ ಚಲನೆಯ ಬಾಣ ಹಾಕಬೇಕು. ಮೂರನೆಯದರಲ್ಲಿ ಬಾಲ ಬಾಣದ ಮುಂದೆ ಇದ್ದರೆ ಚಿತ್ರ ಸರಿ. ಪ್ರಯೋಗಕ್ಕೆ ಒಂದು ಫ್ಯಾನ್, ಒಂದು ಕೋಲು, ಕೋಲಿಗೆ ಕಟ್ಟಿದ ರೇಷ್ಮೆ ದಾರ ಸಾಕು. ಫ್ಯಾನಿನ ಮುಂದೆ ಕೋಲನ್ನು ಅತ್ತ ಇತ್ತ ಒಯ್ದು ದಾರ ಯಾವ ಕಡೆ ತೋರಿಸುತ್ತದೆ ಎಂದು ಮಕ್ಕಳೇ ನೋಡಲಿ. ಜೊತೆಗೆ ತೆರೆದಿಟ್ಟ ಕರ್ಪೂರವನ್ನು ವಾರಕ್ಕೊಮ್ಮೆ ತೂಗಲಿ.

ಮಲೆನಾಡಿನವರು ಬಾಲವನ್ನು ನೋಡದೇ ಇರಬಹುದು, ಆದರೆ ಅದರ ದಪ್ಪ ಧೂಳನ್ನು ಪ್ರತಿ ವರ್ಷ ನೋಡಬಹುದು. ಹ್ಯಾಲಿ ಬಿಟ್ಟುಹೋದ ಕಣಗಳು ಮೇ ತಿಂಗಳ ಮೊದಲ ವಾರದಲ್ಲೂ ಅಕ್ಟೋಬರ್ 21ರ ಸುಮಾರಿಗೂ ಉಲ್ಕೆಗಳಾಗಿ ಬೀಳುತ್ತವೆ. ನವೆಂಬರ್ 17ರ ಸುಮಾರಿಗೆ ಬೀಳುವವು ಟೆಂಪಲ್-ಟಟಲ್ ಧೂಮಕೇತುವಿನವು. ಆ ವೇಳೆಗೆ ಮಳೆ ಹಿಂದೆಗೆದಿರುತ್ತದೆ. ಉಲ್ಕೆಗಳು ನೆತ್ತಿಯ ಮೇಲೂ ಕಾಣುವುದರಿಂದ ಗುಡ್ಡಗಳ ತೊಂದರೆಯೂ ಕಡಿಮೆ. ನಡುರಾತ್ರಿಯ ನಂತರ ಅಂಗಳದಲ್ಲಿ ಚಾಪೆ ಹಾಸಿ ಮಲಗಿ ನೋಡಿದರೆ ಸಾಕು.

ಇಂದು ಏಳನೆಯ ತರಗತಿಯಲ್ಲಿರುವ ಮಕ್ಕಳು 2061ರಲ್ಲಿ ಐವತ್ತರ ಸಮೀಪದಲ್ಲಿರುತ್ತಾರೆ. ಹ್ಯಾಲಿ ಬಂದಾಗ ಶೃಂಗೇರಿಯ ಆಕಾಶ ತೆರೆದಿರುತ್ತದೆಯೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ಅಂದು ಮೋಡದ ಹಿಂದೆ ಬಾಲ ಯಾವ ಕಡೆಗೆ ತಿರುಗಿರುತ್ತದೆ ಎಂದು ಅವರು ತಮ್ಮ ಮಕ್ಕಳಿಗೆ ಸರಿಯಾಗಿ ಹೇಳಬಲ್ಲರೇ ಎಂಬುದು ಮಾತ್ರ ಈಗಿನ ಪುಸ್ತಕಗಳ ಕೈಯಲ್ಲಿದೆ.